ಹಸಿ ತಪ್ಪಲಿನ ಪಚಡಿ

ಹೋಟೆಲಿನಲ್ಲಿ ಗ್ರೀನ್ ಸಲಾಡ್ ಹೇಳಿ ನೋಡಿ. ಚಕ್ರದಂತೆ ಹೆಚ್ಚಿದ ಸೌತೆಕಾಯಿ, ಗಜ್ಜರಿ, ಟೊಮೆಟೊ, ಈರುಳ್ಳಿ, ಜೊತೆಗೊಂದು ನಿಂಬೆ ಹೋಳು ಬರುತ್ತದೆ. ಎಲೆ ಒಂದೂ ಇರುವುದಿಲ್ಲ. ಹಸಿ ಸೊಪ್ಪು ತಿನ್ನುವುದು ನಮಗೆ ಗೊತ್ತೇ ಇಲ್ಲವೇನೋ ಅನ್ನಿಸಬೇಕು, ಹಾಗೆ. ವಿಜಯಪುರ, ಬಾಗಲಕೋಟೆ ಕಡೆಯ ಖಾನಾವಳಿಯಲ್ಲಿ ಕೂತು ಉಂಡವರು ಇದನ್ನು ಒಪ್ಪುವುದಿಲ್ಲ. ಅಲ್ಲಿ ಮೆಂತ್ಯದ ತಪ್ಪಲು, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಸವತಿಕಾಯಿ ಎಲ್ಲ ಹಸಿಯಾಗಿಯೇ ರೊಟ್ಟಿಯ ಪಕ್ಕ ಬಂದು ಕೂರುತ್ತವೆ. ಹಿಂಗಾರಿನ ಎರೆಹೊಲದಲ್ಲಿ ತಾನೇ ಹುಟ್ಟುವ ಹಕ್ಕರಕಿಯನ್ನೂ ಹಾಗೇ ತಿನ್ನುತ್ತಾರೆ.

ಕಲಬುರಗಿ, ರಾಯಚೂರಿನಲ್ಲಿ ಹಗಲು 40 ಡಿಗ್ರಿ ದಾಟಿದ ಮೇಲೆ ರಾತ್ರಿ ಯಾರಿಗೂ ಬಿಸಿ ಪಲ್ಯ ಬೇಡ. ಎರಡು ಜೋಳದ ರೊಟ್ಟಿ, ಗಟ್ಟಿ ಮೊಸರು, ಒಂದು ಬೋಗುಣಿ ಮೆಂತ್ಯದ ಪಚಡಿ ಸಾಕು.

ಮೆಂತ್ಯ ಎಳೆಯದಿರಲಿ. ಬಿಸಿಲಿಗೆ ಅದು ಬೇಗ ಹೂವಿಗೆ ಬರುತ್ತದೆ, ಹೂ ಬಂದ ಸಿವುಡು ಹಸಿಯಾಗಿ ತಿನ್ನಲು ಬಾರದು. ದಂಟನ್ನು ಬೆರಳಿನಿಂದ ಬಗ್ಗಿಸಿ. ಟಕ್ಕೆಂದು ಮುರಿದರೆ ಬೋಗುಣಿಗೆ, ನಾರಾಗಿ ಬಾಗಿದರೆ ಬೇಳೆ ಪಲ್ಯಕ್ಕೆ. ಅಗಲ ಪಾತ್ರೆಯ ನೀರಿನಲ್ಲಿ ಅದ್ದಿ ಅಲುಗಾಡಿಸಿ, ಸೊಪ್ಪನ್ನು ಮೇಲಕ್ಕೆತ್ತಿ ನೀರು ಚೆಲ್ಲಬೇಕು. ಸೊಪ್ಪಿನ ಸಮೇತ ಬಗ್ಗಿಸಿದರೆ ತಳದಲ್ಲಿ ಕೂತ ಮರಳು ಮತ್ತೆ ಎಲೆಯ ಮೇಲೇ ಬೀಳುತ್ತದೆ. ಪಾತ್ರೆಯ ತಳ ಬೆರಳಿಗೆ ನುಣ್ಣಗೆ ಹತ್ತುವವರೆಗೂ ಇದೇ ಕೆಲಸ. ಕೊನೆಯ ನೀರು ತಣ್ಣಗಿದ್ದಷ್ಟೂ ಒಳ್ಳೆಯದು, ಬಾಡಿದ ಎಲೆ ನೀರು ಕುಡಿದು ಮತ್ತೆ ಬಿರುಸಾಗುತ್ತದೆ. ಆಮೇಲೆ ಪಂಚೆಯ ಮೇಲೆ ಹರಡಿ, ಸುರುಳಿ ಸುತ್ತಿ, ಪೂರ್ತಿ ಒಣಗಿಸಿ. ಇಲ್ಲಿ ಆತುರ ಮಾಡುವವರೇ ಹೆಚ್ಚು. ಒದ್ದೆ ಎಲೆಗೆ ಎಣ್ಣೆಯೂ ಅಂಟದು, ಪುಡಿಯೂ ಅಂಟದು.

ಹೆಚ್ಚುವಾಗ ಕೈ ಬಿಗಿ ಹಿಡಿಯಿರಿ. ಕೊತ್ತಂಬರಿಯಂತೆ ಸಣ್ಣಗೆ ಕೊಚ್ಚಿದರೆ ಕಹಿ ಎದ್ದುಬಿಡುತ್ತದೆ. ಎಲೆ ಬಿಡಿಸಿ ಒಂದೆರಡು ಸಲ ಚಾಕು ಆಡಿಸಿದರಾಯಿತು. ಸೌತೆಕಾಯಿಯ ತೊಟ್ಟಿನ ತುದಿ ಕೊಯ್ದು ಚೂರು ಬಾಯಿಗೆ ಹಾಕಿಕೊಳ್ಳಿ. ಕಹಿ ಇದ್ದರೆ ಮೊದಲು ಅಲ್ಲೇ ಸಿಗುತ್ತದೆ. ಇದರ ಜೊತೆಗೆ ಉಳ್ಳಾಗಡ್ಡಿ ತಪ್ಪಲು, ಸೀಳಿದ ಒಂದು ಹಸಿಮೆಣಸಿನಕಾಯಿ. ಟೊಮೆಟೊ ನಾನು ಹಾಕುವುದಿಲ್ಲ, ಅದರ ರಸಕ್ಕೆ ಎಲೆ ಸೋಲುತ್ತದೆ.

ಇನ್ನು ಉಪ್ಪು. ಅಡುಗೆಯವರು ಹೆಚ್ಚಿದ ಕೂಡಲೇ ಉಪ್ಪು ಹಾಕಿ ಕಲಸಿ ಮುಚ್ಚಿಡುತ್ತಾರೆ. ಉಣ್ಣುವವರು ಕೈಕಾಲು ತೊಳೆದು ಬರುವಷ್ಟರಲ್ಲಿ ಉಪ್ಪು ಎಲೆ, ಸೌತೆ ಎರಡರ ನೀರನ್ನೂ ಹೊರಗೆಳೆದಿರುತ್ತದೆ. ತಳದಲ್ಲಿ ಹಸಿರು ಸಾರು, ಮೇಲೆ ಜೋತುಬಿದ್ದ ಸೊಪ್ಪು. ನಿಂಬೆರಸವೂ ಕಡಿಮೆಯದಲ್ಲ, ಹುಳಿ ತಾಗಿ ಹೊತ್ತಾದರೆ ಹಸಿರು ಮಂಕಾಗುತ್ತದೆ. ಹಾಗಾಗಿ ಎಲ್ಲರೂ ತಟ್ಟೆಯ ಮುಂದೆ ಕೂತ ಮೇಲೆಯೇ ಒಂದು ಚಮಚ ಹಸಿ ಕುಸುಬಿ ಎಣ್ಣೆ, ಎರಡು ಚಮಚ ಗುರೆಳ್ಳು ಪುಡಿ, ಕೊನೆಗೆ ಉಪ್ಪು, ಅರ್ಧ ನಿಂಬೆ. ಕೈಯಿಂದ ಎರಡು ಸಲ ಎತ್ತಿ ಬಿಟ್ಟರೆ ಮುಗಿಯಿತು, ಹಿಚುಕಬಾರದು. ಉಪ್ಪು ಬಿದ್ದ ಮೇಲೆ ಮೆಂತ್ಯದ ಕಹಿಯೂ ತಗ್ಗುತ್ತದೆ, ಹುರಿದ ಗುರೆಳ್ಳಿನ ಘಮ ಮುಂದೆ ಬರುತ್ತದೆ. ಶೇಂಗಾ ಪುಡಿ ಹಾಕುವವರಿದ್ದಾರೆ, ರುಚಿಯೇ, ಆದರೆ ಬೇಸಿಗೆಯ ರಾತ್ರಿಗೆ ತುಸು ಭಾರ. ಒಗ್ಗರಣೆ ಬೇಡವೇ ಬೇಡ. ಕಾದ ಎಣ್ಣೆ ಬಿದ್ದ ಎಲೆ ಅಲ್ಲೇ ಮುದುಡುತ್ತದೆ.

ಪಚಡಿ ಉಳಿದರೆ ಫ್ರಿಜ್ಜಿನಲ್ಲಿಟ್ಟು ಮರುದಿನ ಹಾಗೇ ತಿನ್ನಲು ಹೋಗಬೇಡಿ. ಬೆಳಿಗ್ಗೆ ಜೋಳದ ಹಿಟ್ಟು, ಸ್ವಲ್ಪ ಕಡಲೆಹಿಟ್ಟು ಸುರಿದು ತಾಲಿಪಟ್ಟಿಗೆ ಕಲಸಿ. ಬಿಟ್ಟ ನೀರನ್ನು ಮೊದಲು ಬಳಸಿ, ಸಾಲದಿದ್ದರೆ ಮಾತ್ರ ಬೇರೆ ನೀರು. ಹಿಟ್ಟಿಗೆ ಉಪ್ಪು ಹಾಕುವಾಗಲೂ ನೋಡಿಕೊಳ್ಳಿ, ರಾತ್ರಿಯದು ಅದರಲ್ಲೇ ಇದೆ.