ಕಟ್ಟರ್ ಮೊದಲು, ಲೈಟು ಆಮೇಲೆ

ಕಡಿಮೆ ದುಡ್ಡಿನಲ್ಲಿ ಸಿನಿಮಾ ಮಾಡಹೊರಟವರು ಮೊದಲು ಕೇಳುವುದು ಕ್ಯಾಮೆರಾ ಯಾವುದು ಎಂದು, ಆಮೇಲೆ ಲೈಟು ಎಷ್ಟು ಬೇಕು ಎಂದು. ಎರಡೂ ಪ್ರಶ್ನೆಗಳು ನೇರ ಬಾಡಿಗೆ ಅಂಗಡಿಗೆ ಕರೆದೊಯ್ಯುತ್ತವೆ, ಇರುವ ಹಣದಲ್ಲಿ ಮುಕ್ಕಾಲು ಪಾಲು ಅಲ್ಲೇ ಕರಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಬೆಳಕಿಗೆ ಬರವಿಲ್ಲ. ಇರುವ ಬೆಳಕಿನ ಮೇಲೆ ಹಿಡಿತ ಬೇಕು, ಆ ಹಿಡಿತ ಬೇಡದ ಬೆಳಕನ್ನು ತಡೆಯುವುದರಿಂದ ಶುರುವಾಗುತ್ತದೆ. ಬೆಳಕಿಗೆ ಅಡ್ಡ ಹಿಡಿಯುವ ಕರಿ ಹಲಗೆಗೆ ಸಿನಿಮಾದವರು ಕಟ್ಟರ್ ಅನ್ನುತ್ತಾರೆ. ಬಜೆಟ್ ಬರೆಯುವ ಹಾಳೆಯಲ್ಲಿ ಅದು ಲೈಟಿಗಿಂತ ಮೇಲಿನ ಸಾಲಿನಲ್ಲಿರಬೇಕು ಎಂಬುದು ನನ್ನ ವಾದ.

ಶಿಡ್ಲಘಟ್ಟದ ಒಂದು ಫಿಲೇಚರನ್ನೇ, ಅಂದರೆ ರೇಷ್ಮೆ ನೂಲು ತೆಗೆಯುವ ಘಟಕವನ್ನೇ ತೆಗೆದುಕೊಳ್ಳೋಣ. ಮಾರುಕಟ್ಟೆಯಲ್ಲಿ ಹರಾಜಾದ ಗೂಡು ಇಂಥ ಘಟಕಗಳಿಗೆ ಬಂದು, ಬಿಸಿನೀರಿನಲ್ಲಿ ಬೆಂದು, ಕಾಟೇಜ್ ಬೇಸಿನ್ನಿನ ಮುಂದೆ ಕೂತವರ ಬೆರಳುಗಳಲ್ಲಿ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಒಂದು ದೊಡ್ಡ ಬಾಗಿಲು, ಒಂದೆರಡು ಕಿಟಕಿ, ತಲೆಯ ಮೇಲೆ ಟ್ಯೂಬ್‌ಲೈಟು, ಶೆಡ್ಡಿನ ತುಂಬ ಆವಿ. ಹೊರಗೆ ನಡುಹಗಲ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಬೇಸಿನ್ನಿನ ಹತ್ತಿರ 400 ಲಕ್ಸ್ ಇದೆ ಎಂದಿಟ್ಟುಕೊಂಡರೆ ಅಂತರ 250 ಪಟ್ಟು, ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್ ಎಂಬ ಲೆಕ್ಕದಲ್ಲಿ ಎಂಟು. ಬಾಗಿಲಿಗೆ ಬೆನ್ನು ಮಾಡಿ ಕೂತವಳ ಮುಖವೂ ಕಾಣಬೇಕು, ಅವಳ ಹಿಂದಿನ ಬೀದಿಯೂ ಕಾಣಬೇಕು ಎಂದು ಹಟ ಹಿಡಿದರೆ ಆ ಎಂಟು ಸ್ಟಾಪ್ ತುಂಬಲು ದೊಡ್ಡ ಎಚ್ಎಂಐ ಲೈಟು ಬೇಕು, ಅದಕ್ಕೊಂದು ಜನರೇಟರ್ ಬೇಕು, ಅದರ ಹಿಂದೆ ನಾಲ್ಕು ಜನ ಬೇಕು. ಕ್ಯಾಮೆರಾವನ್ನು ಅಡ್ಡಕ್ಕೆ ತಿರುಗಿಸಿ ಬಾಗಿಲನ್ನು ಫ್ರೇಮಿನಿಂದ ಹೊರಗಿಟ್ಟರೆ ಇದ್ಯಾವುದೂ ಬೇಡ. ಈಗ ಅದೇ ಬಾಗಿಲು ಮುಖಕ್ಕೆ ಒಂದು ಪಕ್ಕದಿಂದ ಬೆಳಕು ಕೊಡುತ್ತದೆ. ಟ್ಯೂಬ್‌ಲೈಟು ಆರಿಸಬೇಕು, ಎದುರಿನ ಕಿಟಕಿಗೆ ಕಂಬಳಿ ಹಾಕಬೇಕು, ಸುಣ್ಣ ಬಳಿದ ಗೋಡೆ ಮುಖದ ನೆರಳಿನ ಭಾಗಕ್ಕೆ ಬೆಳಕು ಎರಚುತ್ತಿದ್ದರೆ ಅಲ್ಲೊಂದು ಕರಿ ಬಟ್ಟೆ ಇಳಿಬಿಡಬೇಕು. ಕೆನ್ನೆಗೆ ಉಬ್ಬು ಬರುತ್ತದೆ, ಕೈಬೆರಳಿನ ಸುಕ್ಕು ಕಾಣುತ್ತದೆ. ಆವಿ ಕಾಣುವುದು ಬೆಳಕು ಅದರ ಹಿಂದಿನಿಂದಲೋ ಓರೆಯಿಂದಲೋ ಬಂದಾಗ, ಅದರ ಹಿಂದೆ ಕಪ್ಪು ಇದ್ದಾಗ. ಎದುರಿನಿಂದ ಎಷ್ಟು ಲೈಟು ಸುರಿದರೂ ಅದು ಮಸುಕು ಬಿಳುಪಾಗಿ ಮಾಯವಾಗುತ್ತದೆ. ಇನ್ನು ಕೂರುವ ಜಾಗವನ್ನು ಕಿಟಕಿಗೆ ಎರಡು ಅಡಿ ಹತ್ತಿರಕ್ಕೋ ದೂರಕ್ಕೋ ಸರಿಸುವುದೂ ಲೈಟಿಂಗೇ. ಚಿಕ್ಕ ಕಿಟಕಿಯಿಂದ ದೂರ ಇಮ್ಮಡಿಯಾದರೆ ಬೆಳಕು ಹೆಚ್ಚುಕಡಿಮೆ ಕಾಲು ಪಾಲಿಗೆ ಇಳಿಯುತ್ತದೆ. ಹತ್ತಿರ ಕೂರಿಸಿ ಅಲ್ಲಿಗೆ ಎಕ್ಸ್‌ಪೋಷರ್ ಹೊಂದಿಸಿದರೆ ಹಿಂದಿನ ಗೋಡೆ ತಾನಾಗಿ ಕತ್ತಲಿಗೆ ಹೋಗುತ್ತದೆ. ಡಿಜಿಟಲ್ಲಿನಲ್ಲಿ ಬಿಳಿ ಸುಟ್ಟುಹೋದರೆ ಮತ್ತೆ ಬರುವುದಿಲ್ಲ, ಆದ್ದರಿಂದ ಮೊದಲು ಬೇಸಿನ್ನಿನ ನೀರಿನ ಹೊಳಪನ್ನು ಉಳಿಸಿಕೊಂಡು ಆಮೇಲೆ ಮುಖ ನೋಡುವುದು ಸರಿಯಾದ ಕ್ರಮ.

ಇದು ಬಡತನಕ್ಕೆ ಹುಡುಕಿದ ಸಮಾಧಾನವಲ್ಲ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರಿಗೆ ಗುರುದತ್ ಅವರ ಚಿತ್ರಗಳಲ್ಲಿ ದೊಡ್ಡ ಸ್ಟುಡಿಯೊದ ಸಕಲ ಸೌಕರ್ಯವೂ ಇತ್ತು. ಆದರೂ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕತ್ತಲ ಸ್ಟುಡಿಯೊವನ್ನು ಸೀಳಿ ಇಳಿಯುವ ಆ ಪ್ರಸಿದ್ಧ ಬೆಳಕಿನ ಕೋಲಿಗೆ ಅವರು ನೆಚ್ಚಿದ್ದು ಹೊರಗಿನ ಬಿಸಿಲನ್ನು. ಒಂದು ಕನ್ನಡಿಯಿಂದ ಇನ್ನೊಂದಕ್ಕೆ ಹಾಯಿಸಿ ಬಿಸಿಲನ್ನು ಒಳಗೆ ತಂದರು. ಸೂರ್ಯ ಅಷ್ಟು ದೂರದಲ್ಲಿರುವುದರಿಂದ ಅವನ ಕಿರಣಗಳು ಬಹುತೇಕ ಸಮಾನಾಂತರವಾಗಿರುತ್ತವೆ, ಸ್ಟುಡಿಯೊ ಲೈಟಿನ ಬೆಳಕಿನ ಹಾಗೆ ಬೀಸಣಿಗೆಯಾಗಿ ಹರಡಿಕೊಳ್ಳುವುದಿಲ್ಲ. ಆ ಗುಣವನ್ನು ಅವರು ಕಂಡುಕೊಂಡರು. ಅದಕ್ಕೂ ಮುಂಚೆ, 1956ರ ‘ಅಪರಾಜಿತೊ’ದಲ್ಲಿ ಛಾಯಾಗ್ರಾಹಕ ಸುಬ್ರತೊ ಮಿತ್ರಾ ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೊದೊಳಗೆ ಬೆಳಗಬೇಕಾಗಿತ್ತು. ಮೇಲೆ ಬಿಳಿ ಬಟ್ಟೆ ಬಿಗಿದು, ಲೈಟುಗಳನ್ನು ನಟರತ್ತ ತಿರುಗಿಸದೆ ಬಟ್ಟೆಗೆ ಹೊಡೆದು, ಅಲ್ಲಿಂದ ಮರಳಿದ ಮೆತ್ತನೆಯ ಬೆಳಕನ್ನು ಆಕಾಶದ ಬೆಳಕಾಗಿಸಿದರು. ಕನ್ನಡಿ ಮತ್ತು ಬಿಳಿ ಬಟ್ಟೆ ಶಿಡ್ಲಘಟ್ಟದ ಯಾವ ಮನೆಯಲ್ಲಿ ಇಲ್ಲ? ಇದರ ಜೊತೆಗೆ ಎರಡು ಥರ್ಮೋಕೋಲ್ ಹಲಗೆ, ಒಂದಕ್ಕೆ ಒಂದು ಕಡೆ ಕರಿ ಬಣ್ಣ, ಅಷ್ಟಾದರೆ ಅರ್ಧ ಲೈಟಿಂಗ್ ಸಾಮಾನು ಸಿಕ್ಕಿತು.

ಇವತ್ತಿನ ಕ್ಯಾಮೆರಾಗಳು ಕತ್ತಲಲ್ಲೂ ನೋಡುತ್ತವೆ, ಇನ್ನು ಈ ಕಟ್ಟರ್, ಕಂಬಳಿಯ ಗೋಜು ಯಾಕೆ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ನಿಜವಿದೆ. ಹುಳು ಸಾಕುವ ಮನೆಯನ್ನು ನೋಡಿ. ರೇಷ್ಮೆ ಹುಳುವಿಗೆ ಮಂದ ಬೆಳಕೇ ಹಿತ, ಸುಮಾರು 15ರಿಂದ 30 ಲಕ್ಸ್. ಬೆಳಕು ಜೋರಾದರೆ ಹುಳು ತಟ್ಟೆಯಲ್ಲಿ ಸಮನಾಗಿ ಹರಡದೆ ಮಬ್ಬಿರುವ ಕಡೆಗೆ ಸರಿದು ಗುಂಪುಗೂಡುತ್ತದೆ. 20 ಲಕ್ಸಿನಲ್ಲಿ, ಐಎಸ್ಒ 3200ರಲ್ಲಿ, ಸೆಕೆಂಡಿನ 50ನೇ ಒಂದು ಭಾಗದ ಶಟರಿಗೆ ಎಫ್ 2ರ ಆಸುಪಾಸಿನ ಲೆನ್ಸ್ ಸಾಕು, ಚಿತ್ರ ಸರಿಯಾಗಿ ಮೂಡುತ್ತದೆ. ಇಪ್ಪತ್ತು ವರ್ಷದ ಹಿಂದೆ ಇದು ಕನಸಾಗಿತ್ತು. ಆದರೆ ಸೆನ್ಸರ್ ಗೆದ್ದದ್ದು ಬೆಳಕಿನ ಪ್ರಮಾಣದ ಸಮಸ್ಯೆಯನ್ನು ಮಾತ್ರ. ಬೆಳಕು ಯಾವ ಕಡೆಯಿಂದ ಬರಬೇಕು, ಎಷ್ಟು ಮೆತ್ತಗಿರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಯಾವ ಐಎಸ್ಒ ಅಂಕಿಯೂ ಹೇಳುವುದಿಲ್ಲ. ನಾಲ್ಕೂ ಕಡೆಯಿಂದ ಮಸುಕಾಗಿ ಬರುವ ಬೆಳಕನ್ನು ಎಷ್ಟು ಎತ್ತರಿಸಿದರೂ ಚಪ್ಪಟೆಯಾದ ಚಿತ್ರವೇ ದೊಡ್ಡದಾಗಿ ಕಾಣುತ್ತದೆ. ಊಜಿ ನೊಣ ಒಳಬಾರದ ಹಾಗೆ ಕಿಟಕಿಗೆ ಬಿಗಿದ ನೈಲಾನ್ ಪರದೆ ಅಲ್ಲಿ ಆಗಲೇ ಬೆಳಕನ್ನು ಮೆತ್ತಗಾಗಿಸುವ ಒಂದು ಸ್ಕಿಮ್ಮರಿನ ಕೆಲಸ ಮಾಡುತ್ತಿರುತ್ತದೆ. ಒಂದು ಕಿಟಕಿ ಬಿಟ್ಟು ಉಳಿದವಕ್ಕೆ ಬಟ್ಟೆ ಹಾಕಿದರೆ ಹುಳುವಿಗೂ ಒಳ್ಳೆಯದು, ಶಾಟಿಗೂ ಒಳ್ಳೆಯದು. ಫೋನಿನಲ್ಲಿ ಸಿನಿಮಾ ಮಾಡಬಹುದು ಎನ್ನುವುದಕ್ಕೆ ಎಲ್ಲರೂ ತೋರಿಸುವ ಉದಾಹರಣೆ ಷಾನ್ ಬೇಕರ್ ಅವರ ‘ಟ್ಯಾಂಜರಿನ್’, 2015ರದ್ದು, ಐಫೋನ್ 5ಎಸ್‌ನಲ್ಲಿ ತೆಗೆದದ್ದು. ಅದರ ಬಹುಭಾಗಕ್ಕೆ ಲಾಸ್ ಏಂಜಲೀಸ್‌ನ ಬಿಸಿಲು ಜೊತೆಗಿತ್ತು ಎಂಬುದನ್ನು ಮರೆಯಬಾರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ಲೈಟನ್ನು ಇಟ್ಟಲ್ಲೇ ಇಡಬಹುದು, ಸೂರ್ಯನನ್ನು ಇಡಲಾಗದು. ಬೆಳಿಗ್ಗೆ ತೆಗೆದ ಶಾಟಿಗೆ ಮಧ್ಯಾಹ್ನ ತೆಗೆದ ಶಾಟು ಹೊಂದುವುದಿಲ್ಲ. ಒಪ್ಪಿದೆ. ಆದ್ದರಿಂದಲೇ ಕಡಿಮೆ ಬಜೆಟ್ಟಿನವರು ಚಿತ್ರಕಥೆಯ ಜೊತೆ ಸೂರ್ಯನ ದಾರಿಯನ್ನೂ ಓದಬೇಕು, ಅದೂ ನಮ್ಮ ಊರಿನ ಸೂರ್ಯನ ದಾರಿಯನ್ನು. ಶಿಡ್ಲಘಟ್ಟ ಇರುವುದು ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರದ ಹೊತ್ತಿಗೆ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಬಯಲಲ್ಲಿ ನಿಂತವರ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ, ಕೆಂಪು ಮಣ್ಣಿನಿಂದ ಮೇಲೆದ್ದ ಬೆಳಕು ಗಲ್ಲಕ್ಕೆ ಕೆಂಪು ಹತ್ತಿಸುತ್ತದೆ. ಅದೇ ಡಿಸೆಂಬರಿನಲ್ಲಿ ನಡುಹಗಲ ಸೂರ್ಯ ಸುಮಾರು 53 ಡಿಗ್ರಿ ಎತ್ತರಕ್ಕಿಂತ ಹೆಚ್ಚು ಮೇಲೇರುವುದಿಲ್ಲ, ಹೊರಾಂಗಣ ಚಿತ್ರೀಕರಣಕ್ಕೆ ಇಡೀ ದಿನ ಒದಗುತ್ತದೆ. ಉತ್ತರದ ಕಿಟಕಿಯ ಬೆಳಕು ದಿನವಿಡೀ ಬದಲಾಗದು ಎಂಬ ಯುರೋಪಿನ ಚಿತ್ರಕಾರರ ನಂಬಿಕೆ ಇಲ್ಲಿ ವರ್ಷಪೂರ್ತಿ ನಡೆಯದು. ಮೇ, ಜೂನ್, ಜುಲೈನಲ್ಲಿ ಎಳೆಬಿಸಿಲು ಉತ್ತರದ ಬಾಗಿಲಿಗೂ ಓರೆಯಾಗಿ ತಾಗುತ್ತದೆ. ಮುಳುಗಿದ ಮೇಲಿನ ಹೊಂಬೆಳಕೂ ಹಾಗೆಯೇ: ಉತ್ತರದ ದೇಶಗಳಲ್ಲಿ ಅದು ಎಳೆದಾಡಿಕೊಂಡು ಇರುತ್ತದೆ, ನಮ್ಮಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತದೆ. ಆ ಹೊತ್ತಿಗೆ ಒಂದು ಶಾಟು ಇಟ್ಟುಕೊಳ್ಳಬಹುದು, ಇಡೀ ದೃಶ್ಯವನ್ನಲ್ಲ. ಅಗಲ ಶಾಟುಗಳನ್ನು ಒಂದೇ ಹೊತ್ತಿನಲ್ಲಿ ಮುಗಿಸಿ, ಹತ್ತಿರದ ಶಾಟುಗಳನ್ನು ಬಟ್ಟೆ, ಥರ್ಮೋಕೋಲಿನಿಂದ ಆಮೇಲೆ ಹೊಂದಿಸಿಕೊಂಡರೆ ಸೂರ್ಯ ಸರಿದದ್ದು ಬಹಳಷ್ಟು ಮಟ್ಟಿಗೆ ಕಾಣುವುದಿಲ್ಲ. ಹೊರಗೆ ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರಿಗೆ ಮಾತ್ರ ದುಡ್ಡು ಹಾಕಲೇಬೇಕು. ನೇರ ಬಿಸಿಲಲ್ಲಿ ಐಎಸ್ಒ 100ಕ್ಕೆ, ಅದೇ 50ನೇ ಒಂದರ ಶಟರಿಗೆ ಎಫ್ 22 ಬೇಕಾಗುತ್ತದೆ. ಎಫ್ 4ರಲ್ಲಿ ತೆಗೆಯಬೇಕಾದರೆ ಐದು ಸ್ಟಾಪ್ ಕಳೆಯಬೇಕು. ಲಾಗ್‌ನಲ್ಲಿ ಐಎಸ್ಒ 800ರಿಂದಲೇ ಶುರುವಾಗುವ ಕ್ಯಾಮೆರಾಗಳಲ್ಲಿ ಎಂಟು.

ಲೈಟು ಬೇಡವೇ ಬೇಡ ಅನ್ನುತ್ತಿಲ್ಲ. ರಾತ್ರಿಯ ದೃಶ್ಯಕ್ಕೆ ಬೇಕೇ ಬೇಕು. ಆಗ ದೊಡ್ಡದೊಂದನ್ನು ಬಾಡಿಗೆಗೆ ತರುವ ಬದಲು ಮನೆಯ ಬಲ್ಬುಗಳನ್ನೇ ಬದಲಾಯಿಸುವುದು ಅಗ್ಗ. ನಮ್ಮ ಕರೆಂಟು 50 ಹರ್ಟ್ಸಿನದ್ದಾದ್ದರಿಂದ ಅಗ್ಗದ ಎಲ್‌ಇಡಿ, ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಮೆರಿಕದ ಪಾಠಗಳು ಹೇಳುವ 48ನೇ ಒಂದು ಭಾಗದ ಶಟರಿನ ಬದಲು 50ನೇ ಒಂದನ್ನೇ ಇಟ್ಟುಕೊಂಡರೆ ಪರದೆಯ ಮೇಲೆ ಪಟ್ಟೆ ಹರಿದಾಡುವುದಿಲ್ಲ. ಬಣ್ಣ ಇನ್ನೂ ಮುಖ್ಯ. ಮಾಮೂಲಿ ಬಿಳಿ ಎಲ್‌ಇಡಿ ಬಲ್ಬಿನ ಸಿಆರ್‌ಐ, ಅಂದರೆ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿ, 80ರ ಆಸುಪಾಸು. ಅದರ ಬೆಳಕಿನಲ್ಲಿ ಗಾಢ ಕೆಂಪು ತೀರಾ ಕಡಿಮೆ. ನಮ್ಮ ಕಂದು ಮೈಬಣ್ಣಕ್ಕೆ ಜೀವ ಕೊಡುವುದೇ ಆ ಕೆಂಪು, ಅದಿಲ್ಲದೆ ಮುಖ ಬೂದಿ ಬಡಿದಂತಾಗುತ್ತದೆ, ಮಿಶ್ರತಳಿಯ ಹಳದಿ ಗೂಡು ಹಸಿರಿಗೆ ತಿರುಗುವುದುಂಟು. ರೆಕಾರ್ಡ್ ಆಗದ ಬಣ್ಣವನ್ನು ಗ್ರೇಡಿಂಗಿನಲ್ಲಿ ಮರಳಿ ತರಲಾಗದು. ಸಿಆರ್‌ಐ 95ರ ಎರಡು ಬಲ್ಬು ಒಳ್ಳೆಯ ಲೆನ್ಸಿನ ಬಾಡಿಗೆಗಿಂತ ಸಾರ್ಥಕ ಖರ್ಚು.

ಹೀಗೆ ಮಾಡಿದ ಸಿನಿಮಾ ಬಡವಾಗಿ ಕಾಣುತ್ತದೆ, ಪ್ರೇಕ್ಷಕ ದೊಡ್ಡ ಪರದೆಯಲ್ಲಿ ಮಿನುಗನ್ನು ಬಯಸುತ್ತಾನೆ ಎನ್ನುವವರಿಗೆ 1977ರ ‘ಘಟಶ್ರಾದ್ಧ’ವನ್ನು ತೋರಿಸುತ್ತೇನೆ. ಛಾಯಾಗ್ರಾಹಕ ಎಸ್. ರಾಮಚಂದ್ರ ಅವರ ಕಪ್ಪುಬಿಳುಪಿನಲ್ಲಿ ಅಗ್ರಹಾರದ ಒಳಮನೆಗಳ ಕತ್ತಲು ಕಥೆಯ ಒಂದು ಪಾತ್ರದಷ್ಟೇ ಮಾತಾಡುತ್ತದೆ. ಪುನರುಜ್ಜೀವನಗೊಂಡ ಅದರ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. 2015ರಲ್ಲಿ ಲೊಕಾರ್ನೊದಲ್ಲಿ ಗೆದ್ದ ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ನಟಿಸಿದವರು ಮಂಡ್ಯದ ಹಳ್ಳಿಗರು, ವೃತ್ತಿನಟರಲ್ಲ. ಅಂಥವರ ಮುಂದೆ ಲೈಟಿನ ಸ್ಟ್ಯಾಂಡುಗಳ ಸಾಲು ನಿಲ್ಲಿಸಿ, ನೆಲಕ್ಕೆ ಗುರುತು ಹಾಕಿ ಇಲ್ಲೇ ನಿಲ್ಲಿ ಎಂದರೆ ಅವರ ನಡಿಗೆಯೇ ಬದಲಾಗುತ್ತದೆ. ಜಾಗವನ್ನು ಬೆಳಗಿ ಜನರನ್ನು ಬಿಟ್ಟರೆ ಅವರು ಅವರಾಗಿರುತ್ತಾರೆ. ಫಿಲೇಚರಿನಲ್ಲಂತೂ ಇದು ಅನಿವಾರ್ಯ. ಬೆಂದ ಗೂಡು ಶಾಟಿಗಾಗಿ ಕಾಯುವುದಿಲ್ಲ, ಬೇಸಿನ್ನಿನವರ ಕೈ ನಿಂತರೆ ಆ ದಿನದ ನೂಲು ನಷ್ಟ. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಹೋಗಿ ಬಟ್ಟೆ ಕಟ್ಟಿ, ಒಂದು ಮೂಲೆಯಲ್ಲಿ ಕ್ಯಾಮೆರಾ ಇಟ್ಟುಕೊಂಡು, ಅವರ ಕೆಲಸದ ಲಯಕ್ಕೆ ಶಾಟು ಹೊಂದಿಸಿಕೊಳ್ಳಬೇಕು. ಹುಳು ಮನೆಗಾದರೆ ಕಾಲು ತೊಳೆದು, ಔಷಧಿ ನೀರು ಮೆಟ್ಟಿ, ಮನೆಯವರು ಹೇಳಿದಷ್ಟೇ ಜನ ಒಳಗೆ ಹೋಗಬೇಕು.