ಸಹಪಂಕ್ತಿಯ ಗಾಯಕರು

ಕವಿಯೊಬ್ಬನ ಯೋಗ್ಯತೆಯನ್ನು ಅರಿಯಬೇಕಾದರೆ ಅವನ ಕೃತಿಯನ್ನು ಓದಿದರೆ ಮಾತ್ರ ಸಾಲದು, ಅವನು ಯಾವ ಸಭೆಯಲ್ಲಿ ಯಾರ ಸಂಗಡ ಕುಳಿತಿದ್ದನೆಂಬುದನ್ನೂ ವಿಚಾರಿಸಬೇಕೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದುದುಂಟು. ಆಗ ಆ ಮಾತಿನ ಬೆಲೆ ನನಗೆ ತಿಳಿದಿರಲಿಲ್ಲ. ಈಚೆಗೆ ಮೊಮ್ಮಗನ ಬಲವಂತಕ್ಕೆ ಕಟ್ಟುಬಿದ್ದು ಅಮೆರಿಕಾ ದೇಶದ ಹಳೆಯದೊಂದು ಸಂಗೀತಚಿತ್ರವನ್ನು ನೋಡಲಾಗಿ, ಆ ಮಾತು ಮನಸ್ಸಿಗೆ ಮತ್ತೆ ಬಂದಿತು. ಅಮರಕೋಶವನ್ನು ಉರುಹೊಡೆದವನಿಗೂ ಈ ಗದ್ದಲದ ಗಾನಕ್ಕೂ ಏನು ಸಂಬಂಧವೆಂದು ವಾಚಕರು ನಗಬಹುದು. ನಗಲಿ, ಆದರೆ ವಿಚಾರ ನಗುವಂಥದಲ್ಲವೆಂದು ಕಡೆಯವರೆಗೆ ಓದಿದವರಿಗೆ ತೋರೀತೆಂದು ನಂಬಿದ್ದೇನೆ.

ಆ ಚಿತ್ರದಲ್ಲಿ ಹಾಡಿದ ಮೇಳಗಳಲ್ಲಿ ಬೀಚ್ ಬಾಯ್ಸ್ ಎಂಬುದೊಂದು. ಕ್ಯಾಲಿಫೋರ್ನಿಯಾದ ಹಾಥಾರ್ನ್ ಎಂಬ ಊರಿನ ವಿಲ್ಸನ್ ಮನೆತನದ ಬ್ರಯನ್, ಡೆನಿಸ್, ಕಾರ್ಲ್ ಎಂಬ ಮೂವರು ಅಣ್ಣತಮ್ಮಂದಿರು, ಅವರ ಸೋದರತ್ತೆಯ ಮಗನಾದ ಮೈಕ್ ಲವ್, ಬ್ರಯನ್ನನ ಸಹಪಾಠಿಯಾದ ಆಲ್ ಜಾರ್ಡಿನ್—ಈ ಐವರು ಕೂಡಿ 1961ರಲ್ಲಿ ಕಟ್ಟಿಕೊಂಡದ್ದು. ಸಮುದ್ರದಲ್ಲಿ ಹಲಗೆಯ ಮೇಲೆ ನಿಂತು ಅಲೆಯನ್ನೇರಿ ದಡಕ್ಕೆ ಬರುವ ಆಟವೊಂದು ಅಲ್ಲಿಯ ತರುಣರಲ್ಲಿ ಬಹಳ ಪ್ರಚಾರದಲ್ಲಿತ್ತು. ಆ ಆಟವನ್ನೇ ವಸ್ತುವಾಗಿ ಮಾಡಿಕೊಂಡ ಹಾಡುಗಳಿಗೆ ಸರ್ಫ್ ಸಂಗೀತವೆಂಬ ಹೆಸರು ನಿಂತಿತು. ಐವರಲ್ಲಿ ನಿಜವಾಗಿ ಅಲೆಯನ್ನೇರಬಲ್ಲವನು ಡೆನಿಸ್ ಒಬ್ಬನೇ ಎಂಬುದು ಪ್ರಸಿದ್ಧವಾದ ಸಂಗತಿ. ಅದು ದೋಷವೇನೂ ಅಲ್ಲ. ಯುದ್ಧವನ್ನು ವರ್ಣಿಸಿದ ಕವಿಗಳೆಲ್ಲ ಕತ್ತಿ ಹಿಡಿದವರೇ?

ಈ ಮೇಳದ ಆರಂಭಕಾಲದ ಮೂರು ಕಚೇರಿಗಳನ್ನು, ಅಲ್ಲಿ ಅವರೊಡನೆ ಹಾಡಿದವರನ್ನು, ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇನೆ. ಮೊದಲನೆಯ ಎರಡಕ್ಕೆ ಚರಿತ್ರೆ ಆಧಾರ. ಮೂರನೆಯದನ್ನು ಕಣ್ಣಾರೆ ನೋಡಿದ್ದೇನೆ.

ಮೊದಲನೆಯದು 1961ರ ಡಿಸೆಂಬರ್ 23ರಂದು ಬಾಲ್ಬೋವಾ ಎಂಬಲ್ಲಿಯ ರಾಂಡೆವೂ ನೃತ್ಯಶಾಲೆಯಲ್ಲಿ. ಅದು ಡಿಕ್ ಡೇಲ್ ಎಂಬ ಗಿಟಾರುವಾದಕನ ಕಚೇರಿ. ನಡುವಣ ವಿರಾಮದಲ್ಲಿ ಈ ಹುಡುಗರಿಗೆ ಎರಡು ಹಾಡುಗಳಿಗಷ್ಟು ಅವಕಾಶ ದೊರೆಯಿತು. ಯಜಮಾನನು ಉಂಡು ಏಳುವುದರೊಳಗೆ ಅತಿಥಿ ಎಲೆ ಹಾಕಿಕೊಂಡಂತಾಯಿತು. ಡೇಲ್‌ನ ತಂದೆ ಲೆಬನಾನ್ ಮೂಲದವನು. 1962ರಲ್ಲಿ ಈತನಿಗೆ ಕೀರ್ತಿ ತಂದ ‘ಮಿಸಿರ್ಲೂ’ ಎಂಬ ವಾದ್ಯಕೃತಿಯು ಪೂರ್ವ ಮೆಡಿಟರೇನಿಯನ್ ತೀರದ ಹಳೆಯ ಮಟ್ಟು. 1927ರಲ್ಲಿಯೇ ಗ್ರೀಕ್ ಭಾಷೆಯಲ್ಲಿ ಮುದ್ರಿಕೆಯಾದದ್ದು. ಸರ್ಫ್ ಸಂಗೀತವೆಂದರೆ ಕ್ಯಾಲಿಫೋರ್ನಿಯಾದ ಮರಳಿನಲ್ಲಿ ತಾನಾಗಿ ಮೊಳೆತ ಗಿಡವೆಂದು ತಿಳಿದವರಿಗೆ ಇದೊಂದು ಪಾಠ. ಬೀಜ ಬೇರೊಂದು ಸಮುದ್ರದ ದಡದ್ದು.

ಎರಡನೆಯದು ಅದೇ ತಿಂಗಳ 31ರ ರಾತ್ರಿ, ಲಾಂಗ್ ಬೀಚ್ ನಗರದ ಪುರಸಭಾ ಮಂದಿರದಲ್ಲಿ. ರಿಚೀ ವೇಲೆನ್ಸ್ ಎಂಬ ಗಾಯಕನ ಸ್ಮರಣಾರ್ಥವಾಗಿ ನಡೆದ ಸಮಾರಂಭವದು. ಈ ವೇಲೆನ್ಸ್ ಮೆಕ್ಸಿಕೋ ಮೂಲದ ಕುಟುಂಬದಲ್ಲಿ ಹುಟ್ಟಿ, 1958ರಲ್ಲಿ ಆ ದೇಶದ ಜಾನಪದ ಗೀತೆಯಾದ ‘ಲಾ ಬಾಂಬಾ’ವನ್ನು ಹೊಸ ತಾಳಕ್ಕೆ ಹೊಂದಿಸಿ ಹಾಡಿ, 1959ರ ಫೆಬ್ರವರಿ 3ರಂದು ತನ್ನ 17ನೆಯ ವಯಸ್ಸಿನಲ್ಲಿಯೇ ವಿಮಾನಾಪಘಾತದಲ್ಲಿ ಅಳಿದನು. ಆ ರಾತ್ರಿ ಬೀಚ್ ಬಾಯ್ಸ್ ಎಂಬ ಹೆಸರಿನಿಂದ ಹುಡುಗರು ಹಾಡಿ 300 ಡಾಲರು ಸಂಭಾವನೆ ಪಡೆದರು. ಪಟ್ಟಿಯ ಶಿಖರದಲ್ಲಿದ್ದವರು ಐಕ್ ಮತ್ತು ಟೀನಾ ಟರ್ನರ್. ಐಕ್‌ನ ಮೇಳ 1951ರಲ್ಲಿ ನುಡಿಸಿದ ‘ರಾಕೆಟ್ 88’ ಎಂಬ ಹಾಡನ್ನು ರಾಕ್ ಸಂಗೀತದ ಆದಿಕೃತಿಗಳಲ್ಲಿ ಒಂದೆಂದು ಎಣಿಸುತ್ತಾರೆ. ಆದರೆ ಆ ಮುದ್ರಿಕೆಯ ಮೇಲೆ ಬಂದುದು ಮೇಳದ ಒಡೆಯನ ಹೆಸರಲ್ಲ, ಅದರಲ್ಲಿ ಹಾಡಿದ ಜಾಕಿ ಬ್ರೆನ್‌ಸ್ಟನ್ನನ ಹೆಸರು. ಹಾಡು ಯಾರದು, ಹೆಸರು ಯಾರದು ಎಂಬ ಈ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಮೂರನೆಯದೇ ನಾನು ನೋಡಿದ ಚಿತ್ರ. ಹೆಸರು ‘ಟಿ.ಎ.ಎಂ.ಐ. ಷೋ’. 1964ರ ಅಕ್ಟೋಬರ್ 28 ಮತ್ತು 29ರಂದು ಸಾಂಟಾ ಮೋನಿಕಾ ನಗರದ ಸಭಾಂಗಣದಲ್ಲಿ ನಡೆದ ಕಚೇರಿಗಳನ್ನು ಸ್ಟೀವ್ ಬಿಂಡರ್ ಎಂಬಾತನು ಚಿತ್ರವಾಗಿಸಿದನು. ಸಭಿಕರು ಬಹುಮಟ್ಟಿಗೆ ಸುತ್ತಲಿನ ಪ್ರೌಢಶಾಲೆಗಳ ಮಕ್ಕಳು. ಜಾನ್ ಮತ್ತು ಡೀನ್ ಎಂಬ ಸರ್ಫ್ ಗಾಯಕರಿಬ್ಬರು ಸೂತ್ರಧಾರರು. ನಾಂದಿಯ ಹಾಡಿನಲ್ಲಿಯೇ ರೋಲಿಂಗ್ ಸ್ಟೋನ್ಸ್ ಮೇಳದವರು ಲಿವರ್‌ಪೂಲಿನವರೆಂದು ತಪ್ಪು ಹೇಳಿದ್ದಾರೆ; ಅವರು ಲಂಡನ್ನಿನವರು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಾದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆನು.

ಈ ಪಂಕ್ತಿಯಲ್ಲಿ ಕುಳಿತವರು ಯಾರು ಯಾರು? ಚಕ್ ಬೆರಿ; ಇಂಗ್ಲೆಂಡಿನಿಂದ ಬಂದ ಜೆರಿ ಮತ್ತು ಪೇಸ್‌ಮೇಕರ್ಸ್, ಬಿಲ್ಲಿ ಜೆ. ಕ್ರೇಮರ್, ರೋಲಿಂಗ್ ಸ್ಟೋನ್ಸ್, ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಸ್ಮೋಕಿ ರಾಬಿನ್‌ಸನ್, ಮಾರ್ವಿನ್ ಗೇ, ಸುಪ್ರೀಮ್ಸ್ ಎಂಬ ಮೂವರು ತರುಣಿಯರು, ಲೆಸ್ಲಿ ಗೋರ್, ಬಾರ್ಬೇರಿಯನ್ಸ್, ಜೇಮ್ಸ್ ಬ್ರೌನ್. ವರ್ಣಭೇದವನ್ನು ಸಾರ್ವಜನಿಕ ಸ್ಥಳಗಳಲ್ಲಿ ನಿಷೇಧಿಸಿದ ಕಾಯಿದೆಗೆ ಆ ದೇಶದ ಅಧ್ಯಕ್ಷನು ಅಂಕಿತ ಹಾಕಿದುದು ಅದೇ ವರ್ಷದ ಜುಲೈ 2ರಂದು. ನಾಲ್ಕು ತಿಂಗಳು ತುಂಬುವ ಮೊದಲೇ ಕಪ್ಪುವರ್ಣದವರೂ ಬಿಳಿಯರೂ ಒಂದೇ ರಂಗದ ಮೇಲೆ ನಿಂತು ಒಂದೇ ಸಭೆಯಿಂದ ಚಪ್ಪಾಳೆ ಪಡೆದರು. ಪಂಕ್ತಿಭೇದವೆಂದರೆ ಏನೆಂದು ಬಲ್ಲ ನಮ್ಮ ದೇಶದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗುಣದೋಷಗಳನ್ನು ನೋಡೋಣ. ಹಾಡುವವರ ಹಿಂದೆ ಮುಂದೆ ನರ್ತಕರನ್ನು ಕುಣಿಸಿರುವುದು ಔಚಿತ್ಯಕ್ಕೆ ಭಂಗ. ಮಾರ್ವಿನ್ ಗೇಯಂಥ ಕಂಠವುಳ್ಳವನಿಗೆ ಹಿನ್ನೆಲೆಯಲ್ಲಿ ಯಾರೂ ನೆಗೆದಾಡಬೇಕಾಗಿಲ್ಲ. ಸಭಿಕರ ಚೀರಾಟದಲ್ಲಿ ಮಂದ್ರಸ್ವರಗಳು ಮುಳುಗಿಹೋಗುತ್ತವೆ. ಆದರೆ ಜೇಮ್ಸ್ ಬ್ರೌನ್ ರಂಗಕ್ಕೆ ಬಂದಾಗ ಈ ದೋಷಗಳೊಂದೂ ಲೆಕ್ಕಕ್ಕೆ ಬಾರದೆ ಹೋಗುತ್ತವೆ. ವಿರಹದ ಹಾಡೊಂದನ್ನು ಹಾಡುತ್ತ ಹಾಡುತ್ತ ಮಂಡಿಯೂರಿ ಕುಸಿಯುತ್ತಾನೆ, ಜತೆಯವರು ಬಂದು ಹೆಗಲಿಗೆ ನಿಲುವಂಗಿ ಹೊದಿಸಿ ಸಮಾಧಾನಪಡಿಸಿ ಕರೆದೊಯ್ಯುತ್ತಾರೆ, ಎರಡು ಹೆಜ್ಜೆ ನಡೆದು ಅದನ್ನು ಕಿತ್ತೆಸೆದು ಮತ್ತೆ ಓಡಿಬಂದು ಹಾಡುತ್ತಾನೆ, ಮತ್ತೆ ಕುಸಿಯುತ್ತಾನೆ. ಇದೆಲ್ಲ ಮೊದಲೇ ಅಭ್ಯಾಸ ಮಾಡಿದ ಅಭಿನಯವೆಂದು ಬುದ್ಧಿಗೆ ಗೊತ್ತು. ಆದರೂ ಕಣ್ಣು ಒದ್ದೆಯಾಗುತ್ತದೆ. ಸಾತ್ತ್ವಿಕಾಭಿನಯವೆಂದು ಭರತನು ಹೇಳಿದುದಕ್ಕೆ ಉದಾಹರಣೆ ಬೇಕೆಂದವರು ಇದನ್ನು ನೋಡಬಹುದು. ಈತನ ತರುವಾಯ ಹಾಡಬೇಕಾಗಿ ಬಂದ ರೋಲಿಂಗ್ ಸ್ಟೋನ್ಸ್ ಮೇಳದವರ ಮೇಲೆ ನನಗೆ ಕನಿಕರ ಹುಟ್ಟಿತು. ಅವರು ಕೆಟ್ಟದಾಗಿ ಹಾಡಿದರೆಂದಲ್ಲ. ಹಬ್ಬದೂಟ ಮುಗಿದ ಮೇಲೆ ಬಡಿಸಿದ ಅನ್ನ ಎಷ್ಟು ಬಿಸಿಯಾಗಿದ್ದರೇನು?

ಬೀಚ್ ಬಾಯ್ಸ್ ಮೇಳದವರು ಪಟ್ಟೆಯಂಗಿ ತೊಟ್ಟು ನಡುವಿನಲ್ಲಿ ಬಂದು ನಾಲ್ಕು ಹಾಡುಗಳನ್ನು ಹಾಡಿದರು. ‘ಸರ್ಫರ್ ಗರ್ಲ್’ ಎಂಬ ವಿಲಂಬಗತಿಯ ಹಾಡಿನಲ್ಲಿ ಐದು ಕಂಠಗಳು ಒಂದರ ಮೇಲೊಂದು ಹೊಂದಿಕೊಳ್ಳುವ ರೀತಿ, ಎಲ್ಲಕ್ಕೂ ಮೇಲೆ ಬ್ರಯನ್ನನ ಎತ್ತರದ ಮೃದುಕಂಠ ತೇಲುವ ರೀತಿ, ಉಳಿದ ಯಾವ ಮೇಳದಲ್ಲಿಯೂ ಕಾಣಸಿಗದು. ಬ್ರಯನ್ ಅದೇ ಡಿಸೆಂಬರಿನಲ್ಲಿ ವಿಮಾನದಲ್ಲಿ ಮನೋವ್ಯಾಕುಲಕ್ಕೆ ಗುರಿಯಾಗಿ ಊರೂರು ತಿರುಗಿ ಹಾಡುವುದನ್ನು ನಿಲ್ಲಿಸಿದನೆಂದು ತಿಳಿದು ನೋಡಿದಾಗ ಆ ಎಳೆಮುಖದ ನಗುವಿನಲ್ಲಿ ಬೇರೊಂದು ಛಾಯೆ ಕಾಣುತ್ತದೆ. ಆತನು 2025ರ ಜೂನ್ 11ರಂದು ತೀರಿಕೊಂಡನು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಈ ಮೇಳದ ನಾಲ್ಕು ಹಾಡುಗಳಲ್ಲಿ ಒಂದು ‘ಸರ್ಫಿನ್ ಯು.ಎಸ್.ಎ.’ ಚಿತ್ರದ ಆರಂಭದಲ್ಲಿ ಚಕ್ ಬೆರಿ ಹಾಡಿದುವುಗಳಲ್ಲಿ ಒಂದು ‘ಸ್ವೀಟ್ ಲಿಟ್ಲ್ ಸಿಕ್ಸ್‌ಟೀನ್.’ ಎರಡರ ಮಟ್ಟೂ ಒಂದೇ. ಬೆರಿಯ ಹಾಡು 1958ರದು, ಇವರದು 1963ರದು. ಅಷ್ಟೇ ಅಲ್ಲ, ಕಟ್ಟಡವೂ ಅದೇ. ಆತನು ತರುಣರು ಕುಣಿಯುವ ನಗರಗಳ ಹೆಸರುಗಳನ್ನು ಪೋಣಿಸಿದನು. ಇವರು ಅಲೆಯೇರುವ ಕಡಲತೀರಗಳ ಹೆಸರುಗಳನ್ನು ಪೋಣಿಸಿದರು. ಇವರ ಮುದ್ರಿಕೆ ಹೊರಬಂದಾಗ ಅದರ ಮೇಲೆ ಕರ್ತೃವೆಂದು ಬ್ರಯನ್ ವಿಲ್ಸನ್ನನ ಹೆಸರೊಂದೇ ಇದ್ದಿತು. ಆಗ ಬೆರಿ ಎಲ್ಲಿದ್ದನು? ಸೆರೆಮನೆಯಲ್ಲಿ. 1962ರ ಫೆಬ್ರವರಿಯಿಂದ 1963ರ ಅಕ್ಟೋಬರಿನವರೆಗೆ ಆತನು ಶಿಕ್ಷೆ ಅನುಭವಿಸುತ್ತಿದ್ದನು. ಆತನ ಮಟ್ಟು ಮಾತ್ರ ದೇಶವೆಲ್ಲ ತಿರುಗುತ್ತಿದ್ದಿತು. ಕಡೆಗೆ ಹಾಡಿನ ಹಕ್ಕು ಬೆರಿಯ ಪ್ರಕಾಶಕರಾದ ಆರ್ಕ್ ಸಂಸ್ಥೆಗೆ ಸೇರಿತು. ತರುವಾಯದ ಮುದ್ರಣಗಳಲ್ಲಿ ಆತನ ಹೆಸರೂ ಬಂದಿತು.

ಇನ್ನೊಂದು ವಿಚಿತ್ರವುಂಟು. ಚಿತ್ರದ ಮೊದಲ ಪ್ರದರ್ಶನಗಳಾದ ಮೇಲೆ ಹಕ್ಕಿನ ವ್ಯಾಜ್ಯದಿಂದ ಬೀಚ್ ಬಾಯ್ಸ್ ಮೇಳದ ಭಾಗವನ್ನೇ ಅದರಿಂದ ಕತ್ತರಿಸಿ ತೆಗೆದರು. ಅದನ್ನು ಮತ್ತೆ ಸೇರಿಸಿ ಪೂರ್ಣಚಿತ್ರವನ್ನು ಹೊರತಂದುದು 2010ರಲ್ಲಿ. ನಡುವಣ ಕಾಲವೆಲ್ಲ ನೋಡಿದವರಿಗೆ ಮೂಲ ಕಂಡಿತೇ ಹೊರತು ಅದೇ ರಂಗದ ಮೇಲೆ ನಿಂತಿದ್ದ ಅದರ ಮಗಳು ಕಾಣಲಿಲ್ಲ. ನಡುವಿನ ಗರಿ ಕಳೆದುಹೋದ ಓಲೆಗ್ರಂಥವನ್ನು ಓದಿದಂತೆ. ಗರಿ ದೊರೆತ ಮೇಲೆ ನಾವು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತೂಗಬಹುದಾಗಿದೆ.

ಒಬ್ಬ ಕವಿಯ ಕೃತಿ ಮತ್ತೊಬ್ಬನದನ್ನು ಹೋಲುವುದನ್ನು ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಕನ್ನಡಿಯ ಬಿಂಬದಂತೆ, ಬರೆದ ಚಿತ್ರದಂತೆ, ಒಂದೇ ಬಗೆಯ ದೇಹವುಳ್ಳ ಇಬ್ಬರು ಮನುಷ್ಯರಂತೆ. ಮೊದಲಿನೆರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ, ಏಕೆಂದರೆ ಅಲ್ಲಿ ದೇಹ ಹೋಲಿದರೂ ಆತ್ಮ ಬೇರೆ. ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ‘ಸರ್ಫಿನ್ ಯು.ಎಸ್.ಎ.’ ಯಾವ ವರ್ಗದ್ದು? ಬೆರಿಯ ಹಾಡಿನಲ್ಲಿ ಹುಡುಗಿಯೊಬ್ಬಳ ಕಥೆಯಿದೆ. ರಾತ್ರಿಯ ಮಟ್ಟಿಗೆ ದೊಡ್ಡವಳಾದ ಆಕೆ ಬೆಳಗಾದರೆ ಶಾಲೆಗೆ ಹೋಗಬೇಕಾದ ಮಗು. ಆ ನಗುವಿನೊಳಗೊಂದು ವಾತ್ಸಲ್ಯವುಂಟು. ಇವರ ಹಾಡಿನಲ್ಲಿ ಕಥೆಯಿಲ್ಲ, ವ್ಯಕ್ತಿಯೂ ಇಲ್ಲ. ದೇಶಕ್ಕೆ ದೇಶವೇ ಸಮುದ್ರವಾಗಲೆಂಬ ಹುಡುಗಾಟದ ಕನಸೊಂದೇ ಇದೆ. ಆದರೆ ಒಬ್ಬನ ಕಂಠದಲ್ಲಿದ್ದ ಮಟ್ಟನ್ನು ಐದು ಕಂಠಗಳಿಗೆ ಹಂಚಿದಾಗ ಹೊಸದೊಂದು ಉಲ್ಲಾಸ ಹುಟ್ಟಿತೆಂಬುದನ್ನು ಅಲ್ಲಗಳೆಯಲಾಗದು. ಆದುದರಿಂದ ಸಾಹಿತ್ಯದಲ್ಲಿ ಅದು ಚಿತ್ರದಂತೆ, ಗಾನದಲ್ಲಿ ತುಲ್ಯದೇಹಿಯಂತೆ ಎಂದು ನನ್ನ ನಿರ್ಣಯ.

ಬೆರಿಯಾದರೂ ಋಣವಿಲ್ಲದವನಲ್ಲ. ಅದೇ ರಂಗದ ಮೇಲೆ ಆತನು ಹಾಡಿದ, ಆತನ ಬೆನ್ನಿಗೇ ಜೆರಿಯ ಮೇಳವೂ ಹಾಡಿದ ‘ಮೇಬೆಲೀನ್’ (1955), ‘ಐಡಾ ರೆಡ್’ ಎಂಬ ಹಳೆಯ ಹಳ್ಳಿಯ ಪಿಟೀಲು ಹಾಡಿನಿಂದ ಬೆಳೆದುದು. ಅದು ಬಿಳಿಯರ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದ ಹಾಡು. ಆ ‘ಮೇಬೆಲೀನ್’ ಮುದ್ರಿಕೆಯ ಮೇಲೋ, ಒಂದಕ್ಷರವನ್ನೂ ಬರೆಯದ ರೇಡಿಯೋ ಪ್ರಚಾರಕನಾದ ಆಲನ್ ಫ್ರೀಡ್‌ನ ಹೆಸರು ಕರ್ತೃಗಳಲ್ಲಿ ಒಂದಾಗಿ ಬಂದು 1986ರವರೆಗೂ ನಿಂತಿತ್ತು. ಹೀಗಿರಲು ಕೊಂಡವನಾರು, ಕಳಕೊಂಡವನಾರು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭವಲ್ಲ. ಮಟ್ಟುಗಳು ನದಿಯ ನೀರಿನಂತೆ ಊರಿಂದೂರಿಗೆ ಹರಿಯತಕ್ಕವೇ. ಅದನ್ನು ತಡೆದರೆ ಸಂಗೀತವೇ ಬತ್ತೀತು. ಆದರೆ ನೀರು ಕುಡಿದವನು ಕೆರೆ ಕಟ್ಟಿಸಿದವನ ಹೆಸರನ್ನು ಅಳಿಸಿ ತನ್ನದನ್ನು ಕೆತ್ತಿಸಬಾರದು. ಕೊಳ್ಳುವುದು ಕಾವ್ಯದ ವಿಷಯ. ಹೆಸರು ಹೇಳುವುದು ಧರ್ಮದ ವಿಷಯ. ಇವೆರಡನ್ನು ಬೆರಸಿದ್ದರಿಂದಲೇ ಈ ವಾದ ಇಷ್ಟು ಕಾಲ ಬಗೆಹರಿಯಲಿಲ್ಲ.

ಈ ಮಾತನ್ನು ಆಡುವ ಅಧಿಕಾರ ನನಗೆಷ್ಟಿದೆಯೆಂಬುದನ್ನೂ ಹೇಳಿಬಿಡುತ್ತೇನೆ. ನಾನು ಉಪಾಧ್ಯಾಯನಾಗಿದ್ದಾಗ ಒಮ್ಮೆ ಇಬ್ಬರು ಹುಡುಗರ ಪ್ರಬಂಧಗಳು ಸಾಲುಸಾಲಾಗಿ ಒಂದೇ ರೀತಿ ಇದ್ದುವು. ಒಬ್ಬನು ಊರಿನ ಗಣ್ಯರ ಮಗ, ಅಕ್ಷರ ಮುತ್ತಿನಂತೆ. ಇನ್ನೊಬ್ಬನು ಬಡವರ ಮನೆಯವನು, ಪುಸ್ತಕದಲ್ಲೆಲ್ಲ ಕಾಟು. ವಿಚಾರಿಸದೆಯೇ ಎರಡನೆಯವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ಕೆಲವು ದಿನಗಳ ಮೇಲೆ ಮೊದಲನೆಯವನೇ ಅಳುತ್ತ ಬಂದು ತಾನು ನೋಡಿ ಬರೆದೆನೆಂದು ಒಪ್ಪಿಕೊಂಡನು. ಆ ಕಾಟುಗಳು ಸ್ವಂತ ಯೋಚನೆಯ ಗುರುತೆಂದು ನನಗೆ ಹೊಳೆದಿರಲಿಲ್ಲ. ತಪ್ಪಾಯಿತೆಂದು ತರಗತಿಯ ಮುಂದೆ ಹೇಳಬೇಕಾಗಿತ್ತು; ಹುಡುಗನನ್ನು ಒಬ್ಬನನ್ನೇ ಕರೆದು ಹೇಳಿದೆನು. ಅವನು “ಪರವಾಗಿಲ್ಲ, ಸಾರ್” ಎಂದನು. ಅವಮಾನವಾದದ್ದು ಸಭೆಯಲ್ಲಿ, ಪರಿಹಾರ ಕೊಟ್ಟದ್ದು ಮೂಲೆಯಲ್ಲಿ. ಬೆರಿಯ ಹೆಸರು ತಡವಾಗಿ ಸಣ್ಣಕ್ಷರದಲ್ಲಿ ಬಂದುದನ್ನು ತಿಳಿದಾಗ ನನಗೆ ನೆನಪಾದುದು ಆ ಹುಡುಗನ ಮುಖ.

ಸಹಪಂಕ್ತಿಯಲ್ಲಿ ಎಲೆ ಹಾಕಿದ ಮಾತ್ರಕ್ಕೆ ಸಮತ್ವ ಬಂದಂತಾಗಲಿಲ್ಲ. ಅಡಿಗೆ ಮಾಡಿದವರು ಯಾರೆಂದು ಪಂಕ್ತಿಯಲ್ಲಿ ಹೇಳಿದಾಗಲೇ ಅದು ಪೂರ್ಣವಾಗುತ್ತದೆ. ಹಾಗೆಂದು ಆ ಊಟ ರುಚಿಯಾಗಿರಲಿಲ್ಲವೆಂದು ನಾನು ಹೇಳಲಾರೆ. ಚಿತ್ರವನ್ನು ಎರಡನೆಯ ಸಲ ನಾನೇ ಕೇಳಿ ಹಾಕಿಸಿಕೊಂಡು ನೋಡಿದೆನು. ಮನೆಯಲ್ಲಿ ಮಕ್ಕಳು ಇಂಥ ಹಾಡುಗಳನ್ನು ಕೇಳುವಾಗ ಹಿರಿಯರು ಗದರಿಸಿ ನಿಲ್ಲಿಸುವುದರ ಬದಲು, ‘ಇದು ಮೊದಲು ಯಾರ ಮಟ್ಟು?’ ಎಂದು ಒಂದು ಪ್ರಶ್ನೆ ಕೇಳಿದರೆ ಸಾಕು. ಮಗು ಹುಡುಕಿಕೊಂಡು ಹೋಗುತ್ತದೆ. ಹುಡುಕಿದಷ್ಟೂ ಋಣಸ್ಮರಣೆ ಬೆಳೆಯುತ್ತದೆ.