ನಿಕುಂಭ್ ಸರ್ ಹೋದ ಮೇಲೆ

'ತಾರೆ ಜಮೀನ್ ಪರ್' ಬಂದಿದ್ದು 2007ರ ಡಿಸೆಂಬರ್‌ನಲ್ಲಿ. ನಾನಾಗ ಪಿಯುಸಿ. ಥಿಯೇಟರಿನಲ್ಲಿ ನಾನೂ ಅತ್ತೆ, ಪಕ್ಕದಲ್ಲಿ ಕೂತಿದ್ದ ಅಪ್ಪ ಸುಮ್ಮಸುಮ್ಮನೆ ಕನ್ನಡಕ ಒರೆಸಿಕೊಂಡ್ರು. ಹತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಮೂವತ್ತು ದಾಟಿದ ಮೇಲೆ ಸೈಕಾಲಜಿ ಎಂ.ಎ.ಗೆ ಸೇರಿಕೊಂಡಾಗ 'ಈಗ ಯಾಕೆ ಬೇಕಿತ್ತು ಇದೆಲ್ಲ?' ಅಂತ ಕೇಳಿದವರಿಗೆ ನಾನು ಕೊಡ್ತಿದ್ದ ಉತ್ತರದಲ್ಲೂ ಆ ಸಿನಿಮಾ ಇತ್ತು. ಬಡವರ ಮಕ್ಕಳು ಓದೋ ಶಾಲೆಗಳಲ್ಲಿ ಸ್ಕೂಲ್ ಸೈಕಾಲಜಿಸ್ಟ್ ಆಗಬೇಕು ಅನ್ನೋದು ನನ್ನ ಆಸೆ. ನನ್ನ ಕಲ್ಪನೆಯಲ್ಲಿ ಆ ಕೆಲಸಕ್ಕೆ ಆಮಿರ್ ಖಾನ್ ಮುಖವೇ ಇತ್ತು.

ಹೋದ ತಿಂಗಳು ಅದನ್ನ ಮತ್ತೆ ನೋಡಿದೆ. ಎರಡು ದಿನ ಬಿಟ್ಟು ನಾಗರಾಜ ಮಂಜುಳೆಯ ಮರಾಠಿ ಸಿನಿಮಾ 'ಫಂಡ್ರಿ' (2013) ನೋಡಿದೆ. ಈಗ ಮೊದಲನೆಯದರ ಜೊತೆ ನನಗೊಂದು ಜಗಳ ಇದೆ.

ಮೊದಲು ಅದರ ದೊಡ್ಡ ಗುಣ ಹೇಳಿಬಿಡ್ತೀನಿ. ಚಿತ್ರಕಲೆ ಮೇಷ್ಟ್ರು ನಿಕುಂಭ್ ಇಶಾನನ ನೋಟ್‌ಬುಕ್‌ಗಳನ್ನ ತಿರುವಿ ಹಾಕುವ ದೃಶ್ಯ ಇದೆಯಲ್ಲ, ಅದು ನಿಜಕ್ಕೂ ಈ ವೃತ್ತಿಯ ಒಳ್ಳೆಯ ಪಾಠ. ಬೇರೆ ಮೇಷ್ಟ್ರುಗಳು ತಪ್ಪುಗಳನ್ನ ಎಣಿಸ್ತಾರೆ, ನಿಕುಂಭ್ ತಪ್ಪುಗಳ ಒಳಗಿನ ಕ್ರಮ ನೋಡ್ತಾನೆ. 'ಬಿ' ಇರಬೇಕಾದ ಕಡೆ 'ಡಿ', ತಿರುವುಮುರುವಾದ ಅಕ್ಷರ. ಸೋಮಾರಿತನ, ಹಟ ಅಂತ ಎಲ್ಲರೂ ಕರೀತಿದ್ದದ್ದಕ್ಕೆ ಡಿಸ್ಲೆಕ್ಸಿಯಾ ಅನ್ನೋ ಹೆಸರು ಸಿಗತ್ತೆ. ಆ ಪದವನ್ನ ಎಷ್ಟೋ ಮನೆಗಳಿಗೆ ಮೊದಲ ಸಲ ತಲುಪಿಸಿದ್ದು ಈ ಸಿನಿಮಾನೇ.

ಆದ್ರೆ ಆ ಹೆಸರು ಅಷ್ಟು ಸಲೀಸಾಗಿ ಸಿಗೋದು ಯಾಕೆ? ಈ ಸಲ ನಾನು ಇಶಾನನ ಮನೆ ನೋಡ್ತಾ ಇದ್ದೆ. ಕೆಲಸ ಬಿಟ್ಟು ಮನೆಯಲ್ಲಿರೋ ಅಮ್ಮ. ಕ್ಲಾಸಿಗೇ ಫಸ್ಟ್ ಬರೋ ಅಣ್ಣ. ಹಳೇ ನೋಟ್‌ಬುಕ್‌ಗಳನ್ನ ಎತ್ತಿಡೋಕೆ ಜಾಗ. ಹುಟ್ಟಿದಾಗಿಂದ ಸುತ್ತ ಪುಸ್ತಕ, ಬಣ್ಣ. ಇವೆಲ್ಲ ಇದ್ದೂ ಹುಡುಗ ಓದಲಾರ ಅಂದ್ರೆ ಕಾರಣ ಅವನೊಳಗೇ ಇರಬೇಕು ಅನ್ನೋದು ಸುಲಭ. 'ಇವನಿಗೆ ಯಾರಾದ್ರೂ ಸರಿಯಾಗಿ ಕಲಿಸಿದಾರಾ?' ಅನ್ನೋ ಪ್ರಶ್ನೆ ಕೇಳೋ ಅಗತ್ಯ ಈ ಕತೆಗೆ ಬೀಳೋದೇ ಇಲ್ಲ.

ನನಗೆ ಬಿತ್ತು. ಕೇಳಲಿಲ್ಲ, ಅದೇ ತಪ್ಪು.

ಶನಿವಾರಗಳಲ್ಲಿ ನಾನು ಬೆಂಗಳೂರಿನ ಅಂಚಿನ ಒಂದು ಸರ್ಕಾರಿ ಶಾಲೆಗೆ ಹೋಗ್ತೀನಿ. ಅಲ್ಲೊಬ್ಬ ಏಳನೇ ಕ್ಲಾಸಿನ ಹುಡುಗ. ಲೆಕ್ಕ ಬಾಯಲ್ಲೇ ಮಾಡ್ತಾನೆ, ಒತ್ತಕ್ಷರ ಬಂದ್ರೆ ನಿಂತುಬಿಡ್ತಾನೆ. ಮೂರನೇ ಶನಿವಾರಕ್ಕೆ ನನ್ನ ತಲೆಯಲ್ಲಿ ನಿಕುಂಭ್ ಎದ್ದು ಕೂತ. ಒಂದು ಚೆಕ್‌ಲಿಸ್ಟ್ ತುಂಬಿಸಿ, ಅಮ್ಮನ್ನ ಕರೆಸಿ, 'ಟೆಸ್ಟ್ ಮಾಡಿಸೋಣ' ಅಂದೆ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಸಿಮೆಂಟು ಮೆತ್ತಿದ ಕೈಯನ್ನ ಸೆರಗಿನಲ್ಲಿ ಸುತ್ತಿಕೊಂಡು ನಿಂತೇ ಇದ್ರು. "ನಮ್ಮ ಹುಡುಗಗ ತಲ್ಯಾಗ ಏನರ ಆಗ್ಯಾದೇನ್ರೀ ಮೇಡಂ?"

ಆಮೇಲೆ ಕೂರಿಸಿ ಮಾತಾಡಿಸಿದೆ. ಸೈಟ್ ಬದಲಾದ ಹಾಗೆಲ್ಲ ಶಾಲೆ ಬದಲಾಗಿದೆ, ಇದು ನಾಲ್ಕನೆಯದು. ನಡುವೆ ಒಂದೂವರೆ ವರ್ಷ ಶಾಲೆಯೇ ಇಲ್ಲ, ಶೆಡ್ಡಿನಲ್ಲಿ ತಂಗೀನ ನೋಡಿಕೊಂಡಿದ್ದ. ಒತ್ತಕ್ಷರ ಕಲಿಸೋ ಕಾಲದಲ್ಲಿ ಅವನು ಕ್ಲಾಸಲ್ಲೇ ಇರಲಿಲ್ಲ.

ಕಲಿಕಾ ನ್ಯೂನತೆಯನ್ನ ಗುರುತಿಸೋ ನಿಯಮಗಳಲ್ಲೇ ಒಂದು ಷರತ್ತಿದೆ. ಸರಿಯಾದ ಪಾಠ ಸಿಗದೇ ಇದ್ದದ್ದೋ, ಪಾಠದ ಭಾಷೆ ಬಾರದೇ ಇರೋದೋ, ಬದುಕಿನ ಸಂಕಷ್ಟವೋ ಓದು ಬಾರದ್ದಕ್ಕೆ ಸಾಕಷ್ಟು ಕಾರಣ ಅನ್ನಿಸಿದ್ರೆ ಆ ಹೆಸರು ಕೊಡೋ ಹಾಗಿಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ ಇದನ್ನ. ಷರತ್ತು ಯಾಕಿದೆ ಅನ್ನೋದಕ್ಕೆ ಇತಿಹಾಸವೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ಪರೀಕ್ಷೆ ಹಿಡಿದು ಕಪ್ಪು ಮಕ್ಕಳನ್ನ ಹಿಂಡುಹಿಂಡಾಗಿ ಬುದ್ಧಿಮಾಂದ್ಯರ ತರಗತಿಗೆ ತಳ್ಳುತ್ತಿದ್ದರು. 1979ರಲ್ಲಿ ಲ್ಯಾರಿ ಪಿ. ಪ್ರಕರಣದ ತೀರ್ಪು ಅದನ್ನ ತಡೆಯಿತು. ಆ ಪರೀಕ್ಷೆಗಳನ್ನ ಮಾಡ್ತಿದ್ದವರು ಸ್ಕೂಲ್ ಸೈಕಾಲಜಿಸ್ಟ್‌ಗಳೇ. ಅವರಲ್ಲೂ ಎಷ್ಟೋ ಜನ ನನ್ನ ಹಾಗೇ ಒಳ್ಳೇ ಮನಸ್ಸಿನಿಂದ ಬಂದವರಿರಬೇಕು.

'ಫಂಡ್ರಿ' ನನಗೆ ಈ ಜಾಗದಲ್ಲಿ ಸಿಕ್ಕಿತು. ಜಬ್ಯಾ ದಲಿತ ಕೈಕಾಡಿ ಹುಡುಗ. ಓದೋಕೆ ಬರತ್ತೆ, ಮೇಲುಜಾತಿಯ ಸಹಪಾಠಿ ಶಾಲೂ ಮೇಲೆ ಪ್ರೀತಿ. ಅವನ ಕಷ್ಟಕ್ಕೆ ಯಾವ ಚೆಕ್‌ಲಿಸ್ಟಿನಲ್ಲೂ ಕಾಲಂ ಇಲ್ಲ. ಊರಿನವರ ಮಾತಿಗೆ ಅವನ ಮನೆಯವರು ಶಾಲೆಯ ಪಕ್ಕದಲ್ಲೇ ಹಂದಿ ಹಿಡೀಬೇಕು, ಸಹಪಾಠಿಗಳು ನಿಂತು ನಗ್ತಾರೆ. ಹಂದಿ ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ಶಾಲೆಯಿಂದ ರಾಷ್ಟ್ರಗೀತೆ ಕೇಳತ್ತೆ. ಇಡೀ ಸಂಸಾರ ಅಲುಗಾಡದೆ ನಿಲ್ಲತ್ತೆ. ಹಂದಿ ತಪ್ಪಿಸಿಕೊಳ್ಳತ್ತೆ. ಕೊನೆಗೆ ಹಿಡಿದ ಹಂದಿಯನ್ನ ಕೋಲಿಗೆ ಕಟ್ಟಿ ಹೊತ್ತುಕೊಂಡು ಹೋಗುವಾಗ ಹಿಂದಿನ ಗೋಡೆಯ ಮೇಲೆ ಅಂಬೇಡ್ಕರ್, ಫುಲೆ ಚಿತ್ರಗಳು. ಮಂಜುಳೆ ಒಂದು ಮಾತೂ ಆಡಿಸಲ್ಲ.

ಈ ಸಿನಿಮಾದಲ್ಲೂ ಕೊರತೆ ಇದೆ. ಶಾಲೂಗೆ ಹೆಚ್ಚುಕಮ್ಮಿ ಮಾತೇ ಇಲ್ಲ, ಅವಳು ನೋಡಿಸಿಕೊಳ್ಳೋಕಷ್ಟೇ ಇದ್ದಾಳೆ. ಆದ್ರೆ ಜಬ್ಯಾನ ನೋವು ಎಲ್ಲಿಂದ ಬರ್ತಿದೆ ಅನ್ನೋದರಲ್ಲಿ ಗೊಂದಲ ಇಲ್ಲ. ಜಬ್ಯಾನನ್ನ ಕೌನ್ಸೆಲಿಂಗ್ ರೂಮಿಗೆ ಕರೆದು 'ಕೋಪ ಬಂದಾಗ ಹತ್ತರ ತನಕ ಎಣಿಸು' ಅಂತ ನಾನು ಹೇಳೋದನ್ನ ಊಹಿಸಿಕೊಂಡೆ. ಕೊನೆಗೆ ಅವನು ಎಸೆಯೋ ಕಲ್ಲು ನೇರ ಕ್ಯಾಮೆರಾಗೆ ಬರತ್ತೆ. ಅದು ಊರಿನವರಿಗೆ ಮಾತ್ರ ಅಂತ ನಂಬೋದು ನನಗೆ ಕಷ್ಟವಾಯ್ತು.

ಹಾಗಾದ್ರೆ ಈ ಓದು ಬಿಟ್ಟುಬಿಡೋದಾ? ಎರಡು ವಾರ ಅದೇ ಯೋಚನೆ. 'ತಾರೆ...' ಬಗ್ಗೆ ನನ್ನ ದೊಡ್ಡ ತಕರಾರು ಹುಟ್ಟಿದ್ದೂ ಆಗಲೇ. ನಿಕುಂಭ್ ಟೆಂಪರರಿ ಮೇಷ್ಟ್ರು. ಸ್ವತಃ ಡಿಸ್ಲೆಕ್ಸಿಯಾ ಅನುಭವಿಸಿದವನು, ಆಕಸ್ಮಿಕವಾಗಿ ಬಂದವನು. ಸ್ಪರ್ಧೆಯಲ್ಲಿ ಇಶಾನ್ ಗೆದ್ದು ನಾವು ಅಳ್ತಾ ಎದ್ದು ಬರ್ತೀವಿ. ಮುಂದಿನ ವರ್ಷ ಇನ್ನೊಬ್ಬ ಇಶಾನ್ ಬಂದ್ರೆ ಆ ಶಾಲೆಯಲ್ಲಿ ಯಾರಿದ್ದಾರೆ? ಒಂದು ಹುದ್ದೆ ಇರಬೇಕಾದ ಜಾಗದಲ್ಲಿ ಸಿನಿಮಾ ಒಬ್ಬ ಪುಣ್ಯಾತ್ಮನನ್ನ ಇಟ್ಟಿತು. ನಾನೂ ಹುದ್ದೆಗಿಂತ ಹೆಚ್ಚಾಗಿ ಆ ಪುಣ್ಯಾತ್ಮನ ಪಾತ್ರವನ್ನೇ ಬಯಸಿದ್ದೆ.

ಹುಡುಗನ ವಿಷಯಕ್ಕೆ ಬರ್ತೀನಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ, ಶಾಲೆ ತಪ್ಪಿಸಿಕೊಂಡ ಮಗುವನ್ನ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಮಿಕ್ಕವರ ಸಮಕ್ಕೆ ಬರೋಕೆ ವಿಶೇಷ ತರಬೇತಿ ಪಡೆಯೋದು ಆ ಮಗುವಿನ ಹಕ್ಕು. ಇವನಿಗೆ ಮೊದಲರ್ಧ ಸಿಕ್ಕಿದೆ, ಎರಡನೆಯದು ಸಿಕ್ಕಿಲ್ಲ. ಚೆಕ್‌ಲಿಸ್ಟ್ ವಾಪಸ್ ತಗೊಂಡು, ಅವನು ಯಾವ ತಿಂಗಳು ಯಾವ ಶಾಲೆಯಲ್ಲಿದ್ದ ಅಂತ ಒಂದು ಪುಟ ಬರೆದು ಹೆಡ್ ಮೇಡಂಗೆ ಕೊಟ್ಟೆ. ಅವರು ಓದಿ, "ಇಂಥವರು ಇನ್ನೂ ಹನ್ನೊಂದು ಜನ ಇದಾರಮ್ಮ" ಅಂದ್ರು. ಈಗ ಹನ್ನೆರಡು ಪುಟ ಆಗಿದೆ. ಸಿನಿಮಾ ಮಾಡೋಕಾಗೋ ಕೆಲಸ ಅಲ್ಲ ಇದು, ಆದ್ರೆ ನಾನು ಕಲಿಯೋಕೆ ಹೊರಟ ಕೆಲಸ ಬಹುಶಃ ಇದೇ.

ಅವನ ಅಮ್ಮನ ಪ್ರಶ್ನೆಗೆ ಆವತ್ತು ನಾನು ತಡವರಿಸಿದ್ದೆ. ಹೋದ ಶನಿವಾರ ಶೆಡ್ಡಿಗೇ ಹೋಗಿ, "ಅವನ ತಲೆ ಚೆನ್ನಾಗಿದೆ ಅಕ್ಕ, ಪಾಠ ತಪ್ಪಿಹೋಗಿದೆ ಅಷ್ಟೇ. ನಾನು ದುಡುಕಿ ಕೇಳಿಬಿಟ್ಟೆ" ಅಂದೆ. ಅವರು ನಕ್ಕು ಚಹಾ ಇಟ್ರು. ಬರೋ ಮಾರ್ಚಿಗೆ ಈ ಸೈಟಿನ ಕೆಲಸ ಮುಗಿಯತ್ತಂತೆ.